ಅಲ್ಪಾಕಾ ಮೂಲ ಎಲ್ಲಿ? ಚಳ್ಳಕೆರೆ ಕಡೆ ಬದುಕುತ್ತಾ?

ನಮ್ಮದು ಚಳ್ಳಕೆರೆ ಹತ್ತಿರ ಕುರಿ ಸಾಕುವ ಮನೆ. ಅಜ್ಜಿ ಈಗಲೂ ಕಂಬಳಿಗೆ ಉಣ್ಣೆ ನೂಲುತ್ತಾರೆ. ವಿಡಿಯೋದಲ್ಲಿ ಅಲ್ಪಾಕಾ ಉಣ್ಣೆ ನೋಡಿ ಆಸೆಯಾಯ್ತು. ಇದು ಯಾವ ಕಡೆಯ ಕುರಿ? ನಮ್ಮ ಬಯಲಿಗೆ ಒಗ್ಗುತ್ತಾ?

ಉತ್ತರ 1 (ದಾವಣಗೆರೆಯಿಂದ):
ಅದು ಕುರಿಯಲ್ಲ ಅಣ್ಣ, ಒಂಟೆ ಬಳಗದ್ದು. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳೇ ತವರು. ಅಲ್ಲಿನ ಜನ ಸುಮಾರು 6,000 ವರ್ಷಗಳ ಹಿಂದೆ ವಿಕುನ್ಯಾ ಎಂಬ ಕಾಡುಪ್ರಾಣಿಯನ್ನು ಪಳಗಿಸಿದರು, ಅದರಿಂದ ಬಂದದ್ದು ಅಲ್ಪಾಕಾ. ಈಗಲೂ ಪೆರುವಿನಲ್ಲೇ ಜಾಸ್ತಿ. 3,500 ಮೀಟರ್‌ಗಿಂತ ಮೇಲಿನ ಹುಲ್ಲುಗಾವಲಲ್ಲಿ ಮೇಯುತ್ತವೆ. ನಮ್ಮ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟ 1,500 ಮೀಟರ್ ಕೂಡ ಇಲ್ಲ, ಅಲ್ವಾ? ರಾತ್ರಿ ನೀರು ಹೆಪ್ಪುಗಟ್ಟುವ ಚಳಿಗೆ ಬೆಳೆದ ಉಣ್ಣೆ ಅದು. ಏಪ್ರಿಲ್ ಬಿಸಿಲಲ್ಲಿ ಪಾಪ, ಬಳಲಿ ಹೋಗುತ್ತೆ.

ಉತ್ತರ 2:
ಕಾಲು ಗಮನಿಸಿ. ಕುರಿಯಂಥ ಗೊರಸಿಲ್ಲ. ಎರಡು ಬೆರಳು, ಕೆಳಗೆ ಮೆತ್ತನೆ ಅಂಗಾಲು. ಹಾಗಾಗಿ ಹುಲ್ಲುನೆಲ ಅಷ್ಟಾಗಿ ಕೆಡಲ್ಲ.