ಹಳೇ ಪೇಟೆ ಬೀದಿ ಸೊರಗುತ್ತಿದೆ, ಮೊದಲು ಏನು ಮಾಡಬೇಕು?

ಪ್ರಶ್ನೆ: ನಮ್ಮೂರಿನ ಹಳೇ ಪೇಟೆಯಲ್ಲಿ ಒಂದೊಂದೇ ಅಂಗಡಿ ಬಾಗಿಲು ಹಾಕುತ್ತಿದೆ. ವ್ಯಾಪಾರವೆಲ್ಲ ಬೈಪಾಸ್ ಕಡೆ ಹೋಗಿದೆ. ನಾವು ಕೆಲವರು ಸೇರಿ ಟ್ರಸ್ಟ್ ಮಾಡಿದ್ದೇವೆ. ಗೋಡೆಗಳಿಗೆ ಬಣ್ಣ, ಬೀದಿಗೆ ದೀಪ, ವರ್ಷಕ್ಕೊಂದು ಹಬ್ಬ ಅಂತ ಯೋಚನೆ. ಇಂಥ ಕೆಲಸ ಹತ್ತಿರದಿಂದ ನೋಡಿದವರು ಹೇಳಿ.

ಅಮೆರಿಕದ ಸಿನ್ಸಿನಾಟಿ ನಗರದಿಂದ ಒಬ್ಬರು: ಬಣ್ಣ ಆಮೇಲೆ ಹಚ್ಚಿ ಸರ್. ಆ ಬೀದಿಯಲ್ಲಿ ಈಗ ಯಾರ್ಯಾರು ಇದ್ದಾರೆ ಅಂತ ಮೊದಲು ಪಟ್ಟಿ ಮಾಡಿ. ಇಲ್ಲಿ ನಗರದ ನಡುಭಾಗಕ್ಕೆ ಅಂಟಿಕೊಂಡೇ ಓವರ್-ದ-ರೈನ್ ಎಂಬ ಹಳೇ ಬಡಾವಣೆ ಇದೆ. 2001ರ ಗಲಭೆಯ ನಂತರ ಹೊರಗಿನವರು ಆ ಕಡೆ ಹೋಗಲು ಹೆದರುತ್ತಿದ್ದರು. 2003ರಲ್ಲಿ ತ್ರೀ ಸಿಡಿಸಿ ಎಂಬ ಲಾಭರಹಿತ ಸಂಸ್ಥೆ ಶುರುವಾಯಿತು. ಊರಿನ ದೊಡ್ಡ ಕಂಪನಿಗಳು ಅದಕ್ಕೆ ದುಡ್ಡು ಹಾಕಿದವು. ಖಾಲಿ ಬಿದ್ದ ಕಟ್ಟಡಗಳನ್ನು ಕೊಂಡು ರಿಪೇರಿ ಮಾಡಿಸಿದರು. 2012ರಲ್ಲಿ ಆ ಬಡಾವಣೆಯ ವಾಷಿಂಗ್ಟನ್ ಪಾರ್ಕನ್ನು ಹೊಸದಾಗಿ ತೆರೆದರು, ಪಾರ್ಕಿನ ಅಡಿಯಲ್ಲೇ ಕಾರು ನಿಲ್ಲಿಸಲು ಜಾಗ. ಬೇಸಿಗೆ ಸಂಜೆ ಮಕ್ಕಳು ಅಲ್ಲಿನ ಕಾರಂಜಿಯಲ್ಲಿ ಆಡುವುದನ್ನು ನೋಡಿದರೆ ನಿಜಕ್ಕೂ ಖುಷಿಯಾಗುತ್ತದೆ. ಆದರೆ ಬಾಡಿಗೆ ಏರಿತು. ಮೊದಲಿಂದ ಅಲ್ಲಿದ್ದ ಎಷ್ಟೋ ಬಡ ಕುಟುಂಬಗಳು, ಅದರಲ್ಲೂ ಕಪ್ಪು ಜನ, ಜಾಗ ಖಾಲಿ ಮಾಡಬೇಕಾಯಿತು. ಅದು ನನಗೆ ಈಗಲೂ ಸರಿ ಅನ್ನಿಸುವುದಿಲ್ಲ.

ಅದೇ ಬಡಾವಣೆಯ ಫಿಂಡ್ಲೇ ಮಾರ್ಕೆಟ್ ನನಗೆ ಜಾಸ್ತಿ ಇಷ್ಟ. 1850ರ ದಶಕದ ಮಾರುಕಟ್ಟೆ ಅದು. ಜಾಗ ನಗರದ್ದು, 2004ರಿಂದ ನಡೆಸುತ್ತಿರುವುದು ಒಂದು ಲಾಭರಹಿತ ಸಂಸ್ಥೆ. ತಿಂಡಿ ವ್ಯಾಪಾರ ಶುರು ಮಾಡುವವರಿಗೆ ಬಾಡಿಗೆಗೆ ಅಡುಗೆಮನೆಯನ್ನೂ ಕೊಡುತ್ತಾರೆ. ನಿಮ್ಮಲ್ಲಿ ಬಾಡಿಗೆ ಅಂಗಡಿಗಳೇ ಹೆಚ್ಚಿದ್ದರೆ, ಮಾಲೀಕರನ್ನು ಕೂರಿಸಿ ಮಾತಾಡಿ, ಐದು ವರ್ಷ ಬಾಡಿಗೆ ಇಷ್ಟೇ ಅಂತ ಕರಾರು ಬರೆಸಿಕೊಳ್ಳಿ. ಬೀದಿ ಚೆಂದವಾದ ಮೇಲೆ ಕೇಳಿದರೆ ಯಾರೂ ಒಪ್ಪುವುದಿಲ್ಲ.

ಮುಂಬೈಯಿಂದ ಒಬ್ಬರು: ಹಬ್ಬ ಕೈಬಿಡಬೇಡಿ. ಇಲ್ಲಿ ಕಾಲಾ ಘೋಡಾ ಎಂಬ ಹಳೇ ಪ್ರದೇಶದಲ್ಲಿ 1998ರಲ್ಲಿ ಸಂಘ ಕಟ್ಟಿದರು, 1999ರಿಂದ ಕಲಾ ಉತ್ಸವ ನಡೆಸುತ್ತಿದ್ದಾರೆ. ಅದರಿಂದ ಬಂದ ಹಣ ಹಳೇ ಕಟ್ಟಡಗಳ ದುರಸ್ತಿಗೂ ಹೋಗಿದೆ. ನೀವೂ ಲೆಕ್ಕ ಹಾಗೇ ಇಡಿ, ಹಬ್ಬದಲ್ಲಿ ಉಳಿದ ದುಡ್ಡು ಚರಂಡಿಗೋ ಶೌಚಾಲಯಕ್ಕೋ ಅಂತ ಮೊದಲೇ ಗೊತ್ತಿರಲಿ. ಮಳಿಗೆ ಹಾಕುವ ಮೊದಲ ಹಕ್ಕು ಆ ಬೀದಿಯ ಅಂಗಡಿಯವರಿಗೇ ಕೊಡಿ. ಇಲ್ಲದಿದ್ದರೆ ಜನಜಂಗುಳಿ ಅವರ ಬಾಗಿಲಿಗೆ ಅಡ್ಡ ಅಷ್ಟೇ, ಅಲ್ವಾ?

ಮೈಸೂರಿನಿಂದ ಒಬ್ಬರು: ಸಂಬಳಕ್ಕೆ ಒಬ್ಬರನ್ನು ಇಟ್ಟುಕೊಳ್ಳಿ. ಭಾನುವಾರ ಮಾತ್ರ ಬರುವ ಸ್ವಯಂಸೇವಕರಿಂದ ಪೇಟೆ ಕೆಲಸ ಸಾಗುವುದಿಲ್ಲ, ನಮ್ಮ ಬೀದಿಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಅಮೆರಿಕದಲ್ಲಿ ಸಣ್ಣ ಊರುಗಳ ಪೇಟೆ ಉಳಿಸುವ ಮೇನ್ ಸ್ಟ್ರೀಟ್ ಯೋಜನೆ 1977ರಲ್ಲಿ ಮೂರು ಊರುಗಳಲ್ಲಿ ಪ್ರಯೋಗವಾಗಿ ಶುರುವಾದಾಗ, ಒಂದೊಂದು ಊರಿಗೂ ಪೂರ್ತಿ ಹೊತ್ತು ಕೆಲಸ ಮಾಡುವ ಒಬ್ಬ ಮ್ಯಾನೇಜರ್ ಇದ್ದರು. ದಿನಾ ಅಂಗಡಿ ಅಂಗಡಿಗೆ ಹೋಗಿ ಮಾತಾಡುವವರು, ಪುರಸಭೆಯಲ್ಲಿ ಫೈಲ್ ಹಿಂದೆ ಬೀಳುವವರು ಒಬ್ಬರು ಬೇಕೇ ಬೇಕು. ಮೊದಲ ವರ್ಷ ಬಣ್ಣಕ್ಕೆ ಅಂತ ಎತ್ತಿಟ್ಟ ದುಡ್ಡನ್ನು ಆ ಸಂಬಳಕ್ಕೆ ಬಳಸಿ.