ಮೊದಲ ಡಿಫೆನ್ಸಿವ್ ಪಿಸ್ತೂಲ್ ಮ್ಯಾಚ್: ಹೋಗುವ ಮುಂಚೆ ಏನು ಗೊತ್ತಿರಬೇಕು?

ಕೇಳಿದವರು:

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ರೇಂಜಿಗೆ ಹೋಗುತ್ತಿದ್ದೇನೆ. ನಿಂತಲ್ಲೇ ನಿಂತು ಕಾಗದದ ಗುರಿಗೆ ನಿಧಾನವಾಗಿ ಹೊಡೆಯುವುದಾದರೆ ಪರವಾಗಿಲ್ಲ, ಕೈ ಕೂತಿದೆ. ಈಗ ಐಡಿಪಿಎ (ಇಂಟರ್‌ನ್ಯಾಷನಲ್ ಡಿಫೆನ್ಸಿವ್ ಪಿಸ್ತೂಲ್ ಅಸೋಸಿಯೇಷನ್) ಥರದ ಡಿಫೆನ್ಸಿವ್ ಪಿಸ್ತೂಲ್ ಮ್ಯಾಚ್, ಅಂದರೆ ಸೊಂಟದಿಂದ ಪಿಸ್ತೂಲು ತೆಗೆದು, ಓಡಾಡುತ್ತಾ, ಟೈಮರ್ ಲೆಕ್ಕದಲ್ಲಿ ಗುರಿಗಳಿಗೆ ಹೊಡೆಯುವ ಆಟ ಆಡಬೇಕು ಅಂತ ಆಸೆ. ಲೈಸೆನ್ಸ್ ಇದೆ, 9 ಎಂಎಂ ಪಿಸ್ತೂಲೂ ಇದೆ. ಆದರೆ ಹೋಲ್ಸ್ಟರಿನಿಂದ (ಪಿಸ್ತೂಲಿನ ಒರೆ) ತೆಗೆದು ಹೊಡೆದದ್ದೇ ಇಲ್ಲ. ಏನೇನು ಕೊಳ್ಳಬೇಕು? ಎಷ್ಟು ಅಭ್ಯಾಸ ಆದ ಮೇಲೆ ಹೋಗಬೇಕು? ನಿಜ ಹೇಳಬೇಕೆಂದರೆ ಎಲ್ಲರ ಮುಂದೆ ನಗೆಪಾಟಲಾಗುವ ಭಯ. ನಿಮ್ಮ ಮೊದಲ ಮ್ಯಾಚ್ ಹೇಗಿತ್ತು, ಹೇಳುತ್ತೀರಾ?

ಎಂಟು ವರ್ಷದಿಂದ ಆಡುತ್ತಿರುವವರು:

ಮೊದಲು ಭಯದ ಮಾತು. ನಿಮ್ಮನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ. ಒಬ್ಬರು ಸ್ಕೋರ್ ಬರೆಯುತ್ತಿರುತ್ತಾರೆ, ಇಬ್ಬರು ಮುಂದಿನ ಸರದಿಗೆ ಮ್ಯಾಗಜಿನ್ (ಪಿಸ್ತೂಲಿನ ತೋಟಾ ಡಬ್ಬಿ) ತುಂಬುತ್ತಿರುತ್ತಾರೆ. ಉಳಿದವರು ಹಿಂದಿನ ಸ್ಟೇಜಿನಲ್ಲಿ (ಮ್ಯಾಚಿನ ಒಂದೊಂದು ಸುತ್ತು) ತಾವೇ ಕೆಡಿಸಿಕೊಂಡದ್ದನ್ನು ನೆನೆಸಿಕೊಂಡು ಗೊಣಗುತ್ತಿರುತ್ತಾರೆ.

ನನ್ನ ಮೊದಲ ಸ್ಟೇಜ್ ಇನ್ನೂ ಕಣ್ಣ ಮುಂದಿದೆ. ಈ ಆಟದಲ್ಲಿ ಪಿಸ್ತೂಲು ಬಟ್ಟೆಯ ಮರೆಯಲ್ಲಿರಬೇಕು. ನಾನು ತೆಳು ಶರ್ಟನ್ನು ಗುಂಡಿ ಬಿಚ್ಚಿ ಮೇಲೆ ಹಾಕಿಕೊಂಡಿದ್ದೆ. ಟೈಮರ್ ಬೀಪ್ ಅಂದಿತು. ಶರ್ಟಿನ ಅಂಚನ್ನು ಹಿಂದಕ್ಕೆ ತಳ್ಳಿದೆ. ಅದು ಹೋದ ಹಾಗೇ ವಾಪಸ್ ಬಂತು. ಹಿಡಿಕೆಯ ಜೊತೆ ಬಟ್ಟೆಯೂ ಮುಷ್ಟಿಯೊಳಗೆ ಸಿಕ್ಕಿಕೊಂಡು, ಪಿಸ್ತೂಲು ಅರ್ಧ ಬಂದು ನಿಂತಿತು. ಬಿಟ್ಟು, ಬಟ್ಟೆ ಬಿಡಿಸಿ, ಮತ್ತೆ ಹಿಡಿದು ಮೊದಲ ಗುಂಡು ಹಾರಿಸುವಷ್ಟರಲ್ಲಿ ಆರು ಸೆಕೆಂಡ್. ಯಾರೂ ನಗಲಿಲ್ಲ. ಸ್ಟೇಜ್ ಮುಗಿದ ಮೇಲೆ ಒಬ್ಬರು ಬಂದು, 'ದಪ್ಪ ಬಟ್ಟೆಯ ವೆಸ್ಟ್ ಹಾಕಿಕೊಳ್ಳಿ, ಹಿಂದೆ ತಳ್ಳಿದರೆ ಹಿಂದೇ ಹೋಗುತ್ತೆ' ಅಂದರು. ಅಷ್ಟೇ.

ಕೊಳ್ಳುವುದು ಜಾಸ್ತಿ ಏನಿಲ್ಲ. ಟ್ರಿಗರ್ ಪೂರ್ತಿ ಮುಚ್ಚುವ, ಸೊಂಟದ ಪಕ್ಕ ಹಾಕುವ ಗಟ್ಟಿ ಹೋಲ್ಸ್ಟರ್. ಪಿಸ್ತೂಲನ್ನು ಒಂದೇ ಕೈಯಲ್ಲಿ ವಾಪಸ್ ಇಡಲು ಬರಬೇಕು, ಅಂದರೆ ತೆಗೆದ ಕೂಡಲೇ ಬಾಯಿ ಮುಚ್ಚಿಕೊಳ್ಳುವ ಬಟ್ಟೆ ಹೋಲ್ಸ್ಟರ್ ಬೇಡ. ಹೆಗಲಿಗೆ ನೇತುಹಾಕುವುದಂತೂ ನಡೆಯುವುದಿಲ್ಲ. ಬಾಗದ ಬೆಲ್ಟ್, ಎರಡು ಮ್ಯಾಗಜಿನ್ ಹಿಡಿಯುವ ಪೌಚ್, ಒಟ್ಟು ಮೂರು ಮ್ಯಾಗಜಿನ್. ಕಣ್ಣಿಗೆ ಕನ್ನಡಕ, ಕಿವಿಗೆ ಮಫ್. ಪಿಸ್ತೂಲು ಈಗಿರುವುದೇ ಸಾಕು. ಟ್ರಿಗರ್ ಬದಲಿಸುವ, ಗುರಿ ನೋಡುವ ಸೈಟ್ ಬದಲಿಸುವ ಯೋಚನೆ ಐದು ಮ್ಯಾಚ್ ಆದ ಮೇಲೆ. ಆಗ ಏನು ಬೇಕು ಅಂತ ನಿಮಗೇ ಗೊತ್ತಿರುತ್ತದೆ, ನಮ್ಮನ್ನು ಕೇಳುವುದಿಲ್ಲ.

ಅಂಕದ ಲೆಕ್ಕ ಮೊದಲೇ ತಿಳಿದುಕೊಂಡು ಹೋಗಿ, ಇಲ್ಲದಿದ್ದರೆ ಸುಮ್ನೆ ಓಡುತ್ತೀರಿ. ಗುರಿಯ ಎದೆಯ ಮೇಲಿನ 8 ಇಂಚಿನ ವೃತ್ತದೊಳಗೆ ಬಿದ್ದರೆ ಸೊನ್ನೆ, ಅಂದರೆ ಏನೂ ಕಳೆದುಕೊಳ್ಳುವುದಿಲ್ಲ. ಅದರಾಚೆ 1, ಇನ್ನೂ ಅಂಚಿಗೆ ಹೋದರೆ 3, ಪೂರ್ತಿ ತಪ್ಪಿದರೆ 5. ಒಂದೊಂದಕ್ಕೂ ಒಂದು ಸೆಕೆಂಡ್ ನಿಮ್ಮ ಸಮಯಕ್ಕೆ ಸೇರುತ್ತದೆ. 2017ಕ್ಕೆ ಮುಂಚೆ ಅರ್ಧ ಸೆಕೆಂಡ್ ಇತ್ತು, ಆಗ ಓಡುವವರಿಗೆ ಸ್ವಲ್ಪ ಲಾಭ. ಈಗ 20 ಸೆಕೆಂಡಿನಲ್ಲಿ ಮುಗಿಸಿ 12 ಅಂಕ ಬಿಟ್ಟವನದು 32. ಆರಾಮಾಗಿ 26 ಸೆಕೆಂಡ್ ತೆಗೆದುಕೊಂಡು ಎರಡೇ ಅಂಕ ಬಿಟ್ಟವನದು 28, ಗೆದ್ದವನು ಇವನೇ. ನಿಧಾನವಾಗಿ ನೋಡಿ ಹೊಡೆಯುವ ಅಭ್ಯಾಸ ನಿಮಗೆ ಈಗಾಗಲೇ ಇದೆಯಲ್ಲ, ಅದನ್ನು ಬಿಡಬೇಡಿ.

ಸೇಫ್ಟಿ ಆಫೀಸರ್ ಆಗಿ ನಿಲ್ಲುವವರು:

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಟೈಮರ್ ಹಿಡಿದು ನಿಮ್ಮ ಭುಜದ ಹಿಂದೆ ನಿಲ್ಲುವ ಮನುಷ್ಯ. ನನ್ನ ಕಣ್ಣು ನಿಮ್ಮ ಗುರಿಯ ಮೇಲೆ ಇರುವುದಿಲ್ಲ, ಪಿಸ್ತೂಲಿನ ಮೇಲೆ ಮತ್ತು ನಿಮ್ಮ ಬೆರಳಿನ ಮೇಲೆ ಇರುತ್ತದೆ.

ಹೊಸಬರು ಭಯಪಡುವುದು ಬೀಪ್ ಶಬ್ದಕ್ಕೆ. ನನಗೆ ಭಯ ಆಗುವುದು ಎಲ್ಲ ಮುಗಿದ ಮೇಲೆ. ಕೊನೆಯ ಗುಂಡು ಹಾರಿದ ಕೂಡಲೇ ಮನಸ್ಸು ಮನೆಗೆ ಹೊರಟಿರುತ್ತದೆ. ನಾನು 'ಇಫ್ ಫಿನಿಶ್ಡ್, ಅನ್‌ಲೋಡ್ ಅಂಡ್ ಶೋ ಕ್ಲಿಯರ್' ಅನ್ನುತ್ತೇನೆ, ಅಂದರೆ ಮುಗಿದಿದ್ದರೆ ಖಾಲಿ ಮಾಡಿ ತೋರಿಸಿ. ಮ್ಯಾಗಜಿನ್ ಮೊದಲು, ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಆಮೇಲೆ. ಒಮ್ಮೆ ಒಬ್ಬರು ಇದನ್ನು ತಿರುಗುಮುರುಗು ಮಾಡಿದರು. ಸ್ಲೈಡ್ ಎಳೆದರು, ಒಂದು ತೋಟಾ ಹೊರಗೆ ಹಾರಿ ನೆಲಕ್ಕೆ ಬಿತ್ತು. ಮ್ಯಾಗಜಿನ್ ಒಳಗೇ ಇತ್ತು, ಹಾಗಾಗಿ ಅದರಿಂದ ಇನ್ನೊಂದು ತೋಟಾ ಗುಂಡು ಸಿಡಿಯುವ ಚೇಂಬರಿಗೆ ಏರಿತು. ಆಮೇಲೆ ಮ್ಯಾಗಜಿನ್ ತೆಗೆದು ಜೇಬಿಗೆ ಹಾಕಿಕೊಂಡರು. ಬಿದ್ದ ತೋಟಾ ಕಣ್ಣಿಗೆ ಕಾಣುತ್ತಿದೆ, ಕೈಯಲ್ಲಿ ಮ್ಯಾಗಜಿನ್ ಇಲ್ಲ, ಖಾಲಿ ಆಯಿತು ಅಂತಲೇ ಅವರ ನಂಬಿಕೆ. ಒಳಗೆ ನೋಡದೆ, ಖಾಲಿ ಅಂತ ತೋರಿಸಲು ಟ್ರಿಗರ್ ಒತ್ತಲು ಹೊರಟಿದ್ದರು, ನಾನು 'ಸ್ಟಾಪ್' ಅಂದೆ. ಮತ್ತೆ ಸ್ಲೈಡ್ ಎಳೆಸಿದಾಗ ಎರಡನೇ ತೋಟಾ ಕಾಲ ಬಳಿ ಬಿತ್ತು. ಅವರ ಮುಖ ಬಿಳಿಚಿಕೊಂಡಿತ್ತು. ಟ್ರಿಗರ್ ಒತ್ತಿದ್ದರೆ ಗುಂಡು ಹಾರಿ, ಅವತ್ತಿನ ಆಟ ಅಲ್ಲಿಗೇ ಮುಗಿಯುತ್ತಿತ್ತು. ಆದ್ದರಿಂದ ಚೇಂಬರಿನೊಳಗೆ ನೀವೇ ನೋಡಿ. ನನಗೆ ತೋರಿಸುವುದು ಆಮೇಲೆ. ನನಗೇನೂ ಅವಸರ ಇಲ್ಲ.

ಇನ್ನೊಂದು, ಬಲಗೈಯವರು ಬಲದಿಂದ ಎಡಕ್ಕೆ ನಡೆಯುತ್ತಾ ಮ್ಯಾಗಜಿನ್ ಬದಲಿಸುವಾಗ. ಮೈ ಎಡಕ್ಕೆ ತಿರುಗಿರುತ್ತದೆ, ಮ್ಯಾಗಜಿನ್ ಹಾಕಲು ಪಿಸ್ತೂಲನ್ನೂ ಸ್ವಲ್ಪ ವಾರೆ ಮಾಡುತ್ತೀರಿ. ಎರಡೂ ಸೇರಿ ನಳಿಗೆ ಜನ ನಿಂತಿರುವ ಕಡೆಗೆ ಹೊರಳಿಬಿಡುತ್ತದೆ. ನೋಡುತ್ತಿರುವವರಿಗೆ ಕಾಣುತ್ತದೆ, ನಡೆಯುತ್ತಿರುವವರಿಗೆ ಗೊತ್ತೇ ಆಗುವುದಿಲ್ಲ. ಹೊರಕ್ಕೆ ಹಾಕುವ ಕಾರಣಗಳಲ್ಲಿ ಇದೂ ಒಂದು. ಮೊದಲ ಮ್ಯಾಚಿನಲ್ಲಿ ನಿಂತೇ ಬದಲಿಸಿ, ಎರಡು ಸೆಕೆಂಡ್ ಹೋದರೆ ಹೋಗಲಿ.

ಪಿಸ್ತೂಲು ಕೈಜಾರಿ ಬಿದ್ದರೆ ಹಿಡಿಯಲು ಹೋಗಬೇಡಿ, ಎತ್ತಲೂ ಬೇಡಿ. ಬೆರಳು ಟ್ರಿಗರಿಗೆ ಸಿಕ್ಕುವುದೇ ಆಗ. ಬಿಡಿ, ನಾನು ಎತ್ತುತ್ತೇನೆ. ಮತ್ತೆ, ಇದು ಕೋಲ್ಡ್ ರೇಂಜ್. ನಾನು 'ಲೋಡ್ ಅಂಡ್ ಮೇಕ್ ರೆಡಿ' ಅನ್ನುವ ತನಕ ಪಿಸ್ತೂಲು ಖಾಲಿ, ಹೋಲ್ಸ್ಟರಿನೊಳಗೆ. ತೆಗೆದು ನೋಡಬೇಕು, ಬೆಲ್ಟ್ ಸರಿ ಮಾಡಬೇಕು ಅಂದರೆ ಸೇಫ್ ಏರಿಯಾಗೆ ಹೋಗಿ. ಅಲ್ಲಿ ಪಿಸ್ತೂಲು ಮುಟ್ಟಬಹುದು, ತೋಟಾ ಮುಟ್ಟುವ ಹಾಗಿಲ್ಲ.

ಮೂರು ಮ್ಯಾಚ್ ಆಡಿದವರು:

ನಾನೂ ಹೊಸಬಳೇ, ಹಾಗಾಗಿ ಚಿಕ್ಕ ಪುಟ್ಟದ್ದು ಹೇಳುತ್ತೇನೆ. ಕತ್ತು ತೆರೆದ ಬಟ್ಟೆ ಬೇಡ. ನನ್ನ ಎರಡನೇ ಮ್ಯಾಚಿನಲ್ಲಿ ಸುಡುಸುಡು ಖಾಲಿ ತೋಟಾ ಕೇಸ್ ಒಂದು ಕುತ್ತಿಗೆಯಿಂದ ಒಳಗೆ ಇಳಿಯಿತು. ಕೈಯಲ್ಲಿ ತುಂಬಿದ ಪಿಸ್ತೂಲು, ಕುಣಿಯುವ ಹಾಗಿಲ್ಲ. ಹಲ್ಲು ಕಚ್ಚಿ ನಿಂತೆ, ಗುರುತು ಒಂದು ವಾರ ಇತ್ತು. ಮುಂದಕ್ಕೆ ಚಾಚಿದ ಟೋಪಿಯೂ ಇರಲಿ, ಕನ್ನಡಕದ ಸಂದಿಗೆ ಕೇಸ್ ಬೀಳುವುದಿಲ್ಲ.

ಅಭ್ಯಾಸ ಎಷ್ಟು ಅಂದಿರಿ. ನಾನು ಒಂದು ತಿಂಗಳು ದಿನಾ ಹತ್ತು ನಿಮಿಷ ಮನೆಯಲ್ಲೇ ಡ್ರೈ ಫೈರ್, ಅಂದರೆ ಖಾಲಿ ಪಿಸ್ತೂಲಿನಲ್ಲಿ ಅಭ್ಯಾಸ, ಮಾಡಿದೆ. ತೋಟಾಗಳೆಲ್ಲ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿ. ಪಿಸ್ತೂಲು ಖಾಲಿ ಅಂತ ಎರಡು ಸಲ ನೋಡಿ, ಗಟ್ಟಿ ಗೋಡೆಯ ಕಡೆ ತಿರುಗಿ, ಬಟ್ಟೆ ಸರಿಸುವುದು, ಹಿಡಿಯುವುದು, ಎತ್ತುವುದು, ಒತ್ತುವುದು. ಮೊದಲ ವಾರ ಟೈಮರ್ ಮುಟ್ಟಲೇ ಇಲ್ಲ. ವಾಪಸ್ ಇಡುವುದನ್ನು ಮಾತ್ರ ಈಗಲೂ ನಿಧಾನವಾಗಿ, ಹೋಲ್ಸ್ಟರ್ ಬಾಯಿ ನೋಡಿಕೊಂಡೇ. ಬೇಗ ವಾಪಸ್ ಇಟ್ಟವರಿಗೆ ಯಾರೂ ಅಂಕ ಕೊಡುವುದಿಲ್ಲ, ಅಲ್ವಾ?

ಹೋದ ಕಡೆ ಸುಮ್ಮನೆ ನಿಲ್ಲಬೇಡಿ. ಗುರಿಗಳ ತೂತಿಗೆ ಸ್ಟಿಕ್ಕರ್ ಅಂಟಿಸಲು ಕೈ ಜೋಡಿಸಿ. ಬೇರೆಯವರ ಗುಂಡು ಎಲ್ಲಿ ಬಿದ್ದಿದೆ ಅಂತ ಹತ್ತಿರದಿಂದ ಕಾಣುತ್ತದೆ. ನಾನು ಕಲಿತದ್ದರಲ್ಲಿ ಅರ್ಧ ಅಲ್ಲೇ.

ಐಪಿಎಸ್‌ಸಿ ಕಡೆಯಿಂದ ಬಂದವರು:

ಸ್ವಲ್ಪ ಬೇರೆ ಮಾತು. ಐಪಿಎಸ್‌ಸಿ ಅನ್ನುವುದೂ ಇಂಥದ್ದೇ ಪಿಸ್ತೂಲ್ ಆಟ, 1976ರದು. ಅಲ್ಲಿ ಪಿಸ್ತೂಲುಗಳು ಬರುಬರುತ್ತಾ ರೇಸ್ ಕಾರಿನಂತಾದವು. ದಿನಾ ಸೊಂಟದಲ್ಲಿಟ್ಟುಕೊಳ್ಳುವ ಸಾಮಾನಿನಲ್ಲೇ ಆಡಬೇಕು ಅಂತ 1996ರಲ್ಲಿ ಐಡಿಪಿಎ ಶುರುವಾಯಿತು. ಅದಕ್ಕೇ ಇಲ್ಲಿ ಸ್ಟೇಜ್ ಚಿಕ್ಕದು, ಹೆಚ್ಚೆಂದರೆ 18 ಗುಂಡು, ಗುರಿಗಳೂ ಹೆಚ್ಚಿನವು 15 ಗಜದೊಳಗೆ. ಒಳ್ಳೆಯದೇ. ಆದರೆ ನಿಯಮ ಜಾಸ್ತಿ, ಹೊಸಬರಿಗೆ ತಲೆ ಕೆಡುತ್ತದೆ.

ಗೋಡೆಯಂಥ ಮರೆಯ ಹಿಂದಿನಿಂದಲೇ ಹೊಡೆಯಬೇಕು, ನೆಲದ ಗೆರೆ ದಾಟಬಾರದು. ಮೂಲೆಯಿಂದ ಸ್ವಲ್ಪ ಸ್ವಲ್ಪವೇ ಇಣುಕುತ್ತಾ, ಯಾವ ಗುರಿ ಮೊದಲು ಕಂಡಿತೋ ಅದನ್ನೇ ಮೊದಲು. ಗುಂಡು ಉಳಿದಿರುವ ಮ್ಯಾಗಜಿನ್ ನೆಲಕ್ಕೆ ಬಿಡುವ ಹಾಗಿಲ್ಲ, ಜೇಬಿಗೆ ಹಾಕಬೇಕು. ನಿಯಮ ಮುರಿದರೆ 3 ಸೆಕೆಂಡ್ ದಂಡ. ಕೈ ತೋರಿಸಿ ನಿಂತ ಅಮಾಯಕನ ಗುರಿಗೆ ತಾಗಿದರೆ 5. ನಾನು ಮೊದಲ ದಿನ ಹಳೇ ಚಾಳಿಯಲ್ಲಿ ಅರ್ಧ ತುಂಬಿದ ಮ್ಯಾಗಜಿನ್ ಬೀಳಿಸುತ್ತಲೇ ಹೋದೆ, ದಂಡ ಎಣಿಸುವುದನ್ನೇ ಬಿಟ್ಟೆ. ನಿಮಗೆ ಆ ಚಾಳಿ ಇಲ್ಲ, ಪುಣ್ಯ. ಒಂದೇ ಒಂದು ತಕರಾರು: ಇದನ್ನು ಆತ್ಮರಕ್ಷಣೆಯ ತರಬೇತಿ ಅಂತ ತಿಳಿಯಬೇಡಿ. ಗುರಿಗಳು ತಿರುಗಿ ಹೊಡೆಯುವುದಿಲ್ಲ. ಇದು ಆಟ, ತುಂಬಾ ಚೆನ್ನಾಗಿರುವ ಆಟ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ತೋಟಾ ಬೇರೆ ಕೋಣೆಗಿಟ್ಟು, ಕನ್ನಡಿ ಮುಂದೆ ಹಳೇ ಜಾಕೆಟ್ ಹಾಕಿಕೊಂಡು ಇಪ್ಪತ್ತು ಸಲ ತೆಗೆದೆ. ಹನ್ನೊಂದು ಸಲ ಬಟ್ಟೆ ಸಿಕ್ಕಿಕೊಂಡಿತು. ಒಂದು ಕೊನೆಯ ಪ್ರಶ್ನೆ: ಹೊಸಬ ಅಂತ ಮೊದಲೇ ಹೇಳಬೇಕಾ, ಇಲ್ಲ ಅವರಿಗೇ ಗೊತ್ತಾಗುತ್ತಾ?

ಸೇಫ್ಟಿ ಆಫೀಸರ್ ಆಗಿ ನಿಲ್ಲುವವರು:

ಗೊತ್ತಾಗುತ್ತೆ. ಆದರೂ ಹೆಸರು ಬರೆಸುವಾಗಲೇ ಹೇಳಿ. ನಿಮ್ಮನ್ನು ಸ್ಕ್ವಾಡಿನಲ್ಲಿ ಮೂರನೆಯವರೋ ನಾಲ್ಕನೆಯವರೋ ಆಗಿ ಹಾಕುತ್ತೇವೆ, ಇಬ್ಬರು ಮೂವರು ಹೊಡೆಯುವುದನ್ನು ನೋಡಿದ ಮೇಲೆ ನಿಮ್ಮ ಸರದಿ ಬರುತ್ತದೆ. ಕನ್ನಡಿಯ ಕಡೆ ಟ್ರಿಗರ್ ಒತ್ತಬೇಡಿ, ಗೋಡೆ ಕಡೆ ತಿರುಗಿ. 150 ತೋಟಾ, ನೀರು, ಆ ಜಾಕೆಟ್ ಬಿಟ್ಟು ಬೇರೆ ಜಾಕೆಟ್, ಇಷ್ಟು ತನ್ನಿ.