ಕೂಡಿ ಮಾಡುವ ಕೆಲಸ, ಕೂಡಿ ಕಲಿಯುವ ಕಲಿಕೆ: ಸಂಶೋಧನೆಗೆ ಯಾವ ಬಳಗ?

ಪ್ರಶ್ನೆ (ಉಪನ್ಯಾಸಕಿ, ಉಡುಪಿ)

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಐವರು ವಿದ್ಯಾರ್ಥಿಗಳ ಗುಂಪಿಗೆ ಗೂಗಲ್ ಡಾಕ್ಸ್‌ನಲ್ಲಿ ಪ್ರಾಜೆಕ್ಟ್ ವರದಿ ಬರೆಯಲು ಹೇಳಿದ್ದೆ. ತಿದ್ದುಪಡಿಗಳ ಇತಿಹಾಸ ತೆರೆದರೆ ಮೊದಲಿನಿಂದ ಕೊನೆಯವರೆಗೆ ಒಬ್ಬಳದೇ ಹೆಸರಿತ್ತು. ಉಳಿದ ನಾಲ್ವರ ಅಂಕ ಕಡಿತ ಮಾಡಿದೆ. ಆದರೆ ಐವರೂ ಕಾರ್ಕಳದಿಂದ ಬರುವ ಬಸ್ಸಿನಲ್ಲಿ ದಿನವೂ ಚರ್ಚಿಸುತ್ತಿದ್ದರು, ಲ್ಯಾಪ್‌ಟಾಪ್ ಇದ್ದವಳು ರಾತ್ರಿ ಅದನ್ನೆಲ್ಲ ಟೈಪ್ ಮಾಡುತ್ತಿದ್ದಳು ಎಂಬುದು ಆಮೇಲೆ ತಿಳಿಯಿತು. ಅಂಕಗಳನ್ನು ಮರಳಿ ಕೊಟ್ಟೆನಾದರೂ ಆ ತಪ್ಪು ಈಗಲೂ ಕಾಡುತ್ತಿದೆ. ಇದನ್ನೇ ಪಿಎಚ್.ಡಿ. ವಿಷಯವಾಗಿ ಎತ್ತಿಕೊಳ್ಳಬೇಕೆಂದಿದ್ದೇನೆ. ಸಿಎಸ್‌ಸಿಡಬ್ಲ್ಯೂ (ಕಂಪ್ಯೂಟರ್ ನೆರವಿನಿಂದ ಕೂಡಿ ಮಾಡುವ ಕೆಲಸ), ಸಿಎಸ್‌ಸಿಎಲ್ (ಕಂಪ್ಯೂಟರ್ ನೆರವಿನಿಂದ ಕೂಡಿ ಕಲಿಯುವ ಕಲಿಕೆ) ಎಂಬ ಎರಡು ಸಂಶೋಧನಾ ಬಳಗಗಳಲ್ಲಿ ನನ್ನ ಪ್ರಶ್ನೆ ಯಾವುದಕ್ಕೆ ಸೇರುತ್ತದೆ?

ಉತ್ತರ 1 (ಮಣಿಪಾಲ)

ಮೇಡಂ, ಸಿಎಸ್‌ಸಿಡಬ್ಲ್ಯೂ ಎಂಬ ಹೆಸರನ್ನು 1984ರಲ್ಲಿ ಐರೀನ್ ಗ್ರೈಫ್ ಮತ್ತು ಪಾಲ್ ಕ್ಯಾಶ್‌ಮನ್ ಬಳಕೆಗೆ ತಂದರು. ಮೊದಲ ಸಮ್ಮೇಳನ 1986ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ನಡೆಯಿತು. ಕಂಪ್ಯೂಟರಿನ ನೆರವಿನಿಂದ ಹಲವರು ಸೇರಿ ಮಾಡುವ ಕೆಲಸ ನಿಜಕ್ಕೂ ಹೇಗೆ ಸಾಗುತ್ತದೆ ಎಂಬುದು ಅವರ ಕಾಳಜಿ. ಸಿಎಸ್‌ಸಿಎಲ್‌ನವರು, ಅಂದರೆ 1995ರಲ್ಲಿ ಬ್ಲೂಮಿಂಗ್ಟನ್‌ನಲ್ಲಿ ಮೊದಲ ಸಮ್ಮೇಳನ ನಡೆಸಿದವರು, ಆ ಕೂಡುವಿಕೆಯಲ್ಲಿ ಕಲಿಕೆ ಹೇಗೆ ಹುಟ್ಟುತ್ತದೆ ಎಂದು ಕೇಳುತ್ತಾರೆ. ಬಸ್ಸಿನಲ್ಲಿ ಒಬ್ಬ ಹೇಳಿದ ಅರೆಬರೆ ಮಾತನ್ನು ಇನ್ನೊಬ್ಬಳು ಹೇಗೆ ಪೂರ್ತಿ ಮಾಡಿದಳು ಎಂಬುದು ನಿಮ್ಮ ಕುತೂಹಲವಾಗಿದ್ದರೆ ನಿಮ್ಮ ದಾರಿ ಎರಡನೆಯದು. ಆ ಸಮ್ಮೇಳನಗಳ ಲೇಖನಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಉತ್ತರ 2 (ಸುರತ್ಕಲ್)

ಮೇಲಿನ ವಿಂಗಡಣೆ ಸರಿ, ಆದರೂ ಮೊದಲ ಬಳಗವನ್ನು ಬಿಡಬೇಡಿ ಎಂದು ಒತ್ತಿ ಹೇಳುತ್ತೇನೆ. ಹಲವರು ಸೇರಿ ಬಳಸುವ ತಂತ್ರಾಂಶಗಳು ಏಕೆ ಸೋಲುತ್ತವೆ ಎಂಬುದರ ಬಗ್ಗೆ ಆ ಬಳಗದ ಸಂಶೋಧಕ ಜೊನಾಥನ್ ಗ್ರೂಡಿನ್ 1988ರಲ್ಲಿ ಬರೆದ ಲೇಖನವನ್ನು ಮೊದಲು ಓದಿ. ಅವರದೇ ಒಂದು ಉದಾಹರಣೆ: ಸಭೆಯ ಹೊತ್ತು ಗೊತ್ತುಮಾಡುವ ತಂತ್ರಾಂಶದಿಂದ ಅನುಕೂಲವಾಗುವುದು ಸಭೆ ಕರೆಯುವವರಿಗೆ. ದಿನದಿನದ ವೇಳಾಪಟ್ಟಿ ತುಂಬುವ ಹೊರೆ ಮಾತ್ರ ಉಳಿದವರದು. ನಿಮ್ಮ ಗುಂಪಿನಲ್ಲೂ ಟೈಪ್ ಮಾಡುವ ದುಡಿಮೆ ಒಬ್ಬಳ ಮೇಲೆ ಬಿತ್ತು, ಮೌಲ್ಯಮಾಪನದ ಅನುಕೂಲ ನಿಮಗಾಯಿತು, ಮಾತಾಡಿ ದುಡಿದ ನಾಲ್ವರು ಲೆಕ್ಕದಿಂದಲೇ ಹೊರಗುಳಿದರು. ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆಯಂಥ ಕಡೆಯ ಆನ್‌ಲೈನ್ ಕೋರ್ಸುಗಳಲ್ಲೂ ಇದೇ ಪ್ರಶ್ನೆ ಏಳುತ್ತದೆ: ಒಂದೇ ಫೋನಿನ ಸುತ್ತ ಮೂವರು ಕೂತು ಪಾಠ ಕೇಳಿದರೂ ದಾಖಲಾಗುವುದು ಒಂದೇ ಖಾತೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ವಿದ್ಯಾರ್ಥಿಗಳ ಒಪ್ಪಿಗೆ ಪಡೆದು ಬಸ್ಸಿನ ಮಾತುಕತೆಯನ್ನು ಧ್ವನಿಮುದ್ರಿಸಿ, ಅದೇ ರಾತ್ರಿಯ ತಿದ್ದುಪಡಿಗಳ ಪಕ್ಕದಲ್ಲಿಟ್ಟು ನೋಡುವುದರಿಂದ ಆರಂಭಿಸುತ್ತೇನೆ.

ಉತ್ತರ 2 (ಸುರತ್ಕಲ್)

ಒಪ್ಪಿಗೆಯನ್ನು ಐವರಿಂದ ಮಾತ್ರವಲ್ಲ, ಧ್ವನಿ ದಾಖಲಾಗಬಹುದಾದ ಅಕ್ಕಪಕ್ಕದ ಪ್ರಯಾಣಿಕರಿಂದಲೂ ಪಡೆಯಬೇಕಾಗುತ್ತದೆ; ಆದ್ದರಿಂದ ಮೊದಲು ಟಿಪ್ಪಣಿ ಪುಸ್ತಕ ಹಿಡಿದು ನೀವೇ ಒಂದು ವಾರ ಆ ಬಸ್ಸಿನಲ್ಲಿ ಬನ್ನಿ.